ಬಿಚ್ಚಿದ ಎಂಜಿನ್

ಹೆಂಗಸರಿಗೆ ಗಾಡಿ ಓಡಿಸಲು ಕಲಿಸುವುದು ಗೇರಕ್ಕನ ಕಸುಬು. ಹಿಂದಿನ ಸೀಟಿನಲ್ಲಿ ಕೂತು "ಗೇರು, ಗೇರು, ಗೇರು ಇಳಿಸಿ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಕೂಗಿ ಆ ಹೆಸರು ಅವಳಿಗೆ ಅಂಟಿಕೊಂಡಿತ್ತು. ಸಿಟ್ಟು ಬಂದಾಗ ಗಂಡನೂ ಹಾಗೆಯೇ ಕರೆಯುತ್ತಿದ್ದ. ಗಾಡಿ ವಿಷಯದಲ್ಲಿ ಅವಳಿಗೆ ಹೆದರಿಕೆ ಅನ್ನುವುದೇ ಇಲ್ಲ ಎಂದು ಎಲ್ಲರೂ ತಿಳಿದಿದ್ದರು. ಟೈಲರೊಬ್ಬನ ಮನೆಗೆ ಹೋದ ಆ ದಿನದ ತನಕ ಅವಳೂ ಹಾಗೆಯೇ ತಿಳಿದಿದ್ದಳು.

ಹೋದದ್ದು ತಂಗಿಯ ಮಗಳಿಗಾಗಿ. ಮನೆಯವರೆಲ್ಲ ಚೂಟಿ ಎಂದು ಕರೆಯುತ್ತಿದ್ದ ಆ ಹುಡುಗಿಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಆಗತಾನೆ ಕೆಲಸ ಸಿಕ್ಕಿತ್ತು. ಬೆಳಗ್ಗೆ ಎದ್ದು ಮನೆಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರಬೇಕು. ಅದಕ್ಕೆ ಗಾಡಿ ಬೇಕು. ಸ್ಕೂಟರ್ ಬೇಡ, ಬೈಕೇ ಆಗಬೇಕು ಎಂದು ಹಟ ಹಿಡಿದು ಕೂತಿದ್ದಳು.

"ಅಕ್ಕಾ, ನನ್ನ ಮಾತು ಅವಳ ಕಿವಿಗೇ ಹೋಗಲ್ಲ," ಎಂದು ತಂಗಿ ಫೋನಿನಲ್ಲಿ ಅಲವತ್ತುಕೊಂಡಿದ್ದಳು. "ಯಾವುದೋ ಸೆಕೆಂಡ್ ಹ್ಯಾಂಡ್ ಬೈಕ್ ನೋಡಿದಾಳಂತೆ. ನೀನೇ ಜೊತೆಗೆ ಹೋಗು. ನೀನು ಸರಿ ಅಂದ್ರೆ ನಂಗೂ ಸರಿ."

ಹಾಗೆ ಒಂದು ಮಧ್ಯಾಹ್ನ ದೊಡ್ಡಮ್ಮ, ಮಗಳು ಇಬ್ಬರೂ ಗೇರಕ್ಕನ ಸ್ಕೂಟರಿನಲ್ಲಿ ಹೊರಟರು. ದಾರಿಯುದ್ದಕ್ಕೂ ಹಿಂದೆ ಕೂತ ಚೂಟಿ, "ದೊಡ್ಡಮ್ಮ, ಸೈಕಲ್ಲಿನವನು ಓವರ್‌ಟೇಕ್ ಮಾಡಿದ ನೋಡು," ಎಂದು ಛೇಡಿಸುತ್ತಲೇ ಇದ್ದಳು.

ಬೈಕು ಮಾರುವ ಟೈಲರನ ಮನೆ ಊರಂಚಿನಲ್ಲಿತ್ತು. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಪಕ್ಕದ ಓಣಿಯಷ್ಟು ಜಾಗದಲ್ಲಿ ಹಳೆಯ ಹಾಸಿಗೆ ಹೊದಿಕೆಯಿಂದ ಮುಚ್ಚಿದ ಬೈಕು. ಟೈಲರ್ ಕೊರಳಿಗೆ ಅಳತೆ ಪಟ್ಟಿ ನೇತುಹಾಕಿಕೊಂಡೇ ಹೊರಗೆ ಬಂದ. ಮೆದು ಮಾತಿನ, ತಲೆ ತಗ್ಗಿಸಿ ಮಾತಾಡುವ ಮನುಷ್ಯ. ನೋಡಿದರೆ ಸುಳ್ಳು ಹೇಳುವವನ ಮುಖವಲ್ಲ.

"ನನ್ನ ತಮ್ಮಂದು," ಎಂದ ಹೊದಿಕೆ ಎಳೆಯುತ್ತ. "ಅವನಿಗೆ ಈಗ ಬೇಡ. ಸುಮ್ನೆ ನಿಂತಿದೆ."

ಕಪ್ಪು ಬೈಕು. ಟ್ಯಾಂಕು ಮುಖ ಕಾಣುವಷ್ಟು ಮಿನುಗುತ್ತಿತ್ತು. ಚೂಟಿ ಆಗಲೇ ಅದರ ಸೀಟು ಸವರುತ್ತಿದ್ದಳು. ಕೊಳ್ಳುವುದು ಖಂಡಿತ ಎಂದು ಆ ಕೈಯೇ ಹೇಳುತ್ತಿತ್ತು.

ಗೇರಕ್ಕ ಮಾತ್ರ ಹೊಳಪು ನೋಡುವವಳಲ್ಲ. ಎಂಜಿನ್ನಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ಎಂಜಿನ್ ಬಿಚ್ಚಿದಾರಾ?"

"ಇಲ್ಲ ಇಲ್ಲ. ಕಂಪನಿಯಿಂದ ಹೇಗೆ ಬಂತೋ ಹಾಗೇ ಇದೆ. ಆಯಿಲ್ ಬದಲಾಯಿಸಿದ್ದು ಬಿಟ್ರೆ ಸ್ಪ್ಯಾನರ್ ತಾಗಿಸಿಲ್ಲ."

ಗೇರಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. ಸ್ಪ್ಯಾನರ್ ತಾಗದ ಎಂಜಿನ್ನಿನ ಬೋಲ್ಟುಗಳ ತಲೆಗೆ ಚೂಪು ಮೂಲೆಗಳಿರುತ್ತವೆ, ಸಂದಿಯಲ್ಲಿ ಹಳೆಯ ಕೊಳೆ ಕೂತಿರುತ್ತದೆ. ಇಲ್ಲಿ ಬೋಲ್ಟಿನ ಮೂಲೆಗಳೆಲ್ಲ ಸವೆದು ದುಂಡಾಗಿದ್ದವು. ಒಂದಲ್ಲ, ಹಲವು ಸಲ ಬಿಚ್ಚಿ ಹಾಕಿದ ಗುರುತು. ಎಂಜಿನ್ನಿನ ಕೆಳಭಾಗ ಬೂದಿ ಬಣ್ಣಕ್ಕೆ ತಿರುಗಿದ್ದರೆ ಮೇಲಿನ ಭಾಗ ಹೊಚ್ಚ ಹೊಸದರ ಹಾಗೆ ಬೆಳ್ಳಗಿತ್ತು. ಎರಡೂ ಕೂಡುವ ಕಡೆ ಗ್ಯಾಸ್ಕೆಟ್ಟಿನ ಅಂಚಿಗೆ ಕೆಂಪು ಪೇಸ್ಟು ಎಳೆಯಾಗಿ ಉಕ್ಕಿ ಒಣಗಿತ್ತು. ಕಂಪನಿಯವರು ಹಾಗೆ ಮೆತ್ತುವುದಿಲ್ಲ. ಸೈಲೆನ್ಸರ್ ಪೈಪು ಎಂಜಿನ್ನಿನಿಂದ ಹೊರಡುವಲ್ಲಿ ನೀಲಿಗಟ್ಟಿತ್ತು. ಅಷ್ಟು ಶಾಖವನ್ನು ಈ ಸಣ್ಣ ಎಂಜಿನ್ನು ಎಲ್ಲಿಂದ ತಂದಿತು?

ಎದ್ದು ಕಿಕ್ಕರ್ ಮೇಲೆ ಕಾಲಿಟ್ಟು ಮೆಲ್ಲಗೆ ಒತ್ತಿದಳು. ಇಂಥ ಗಾಡಿಯ ಕಿಕ್ಕರು ಮಕ್ಕಳು ಒತ್ತಿದರೂ ಇಳಿಯಬೇಕು. ಇದು ಇಳಿಯಲಿಲ್ಲ. ಒಳಗೆ ಏನೋ ಕಾಲನ್ನು ಎದುರು ದೂಡಿತು. ಮೈಭಾರವನ್ನೆಲ್ಲ ಹಾಕಿದ ಮೇಲೆಯೇ ಹೊತ್ತಿಕೊಂಡದ್ದು. ನಿಂತಲ್ಲಿ ನಿಂತ ಹಾಗೆ 'ದಡಕ್, ದಡಕ್' ಎಂದು ಎಡವುತ್ತ ಉರಿಯಿತು.

"ಚೂಟಿ, ಒಂದು ನಿಮಿಷ ತಡಿ. ನಾನು ಹೇಳೋ ತನಕ ಹತ್ಬೇಡ."

ಆಗಲೇ ಅವಳ ಫೋನು ಬಡಿದುಕೊಂಡಿತು. ಕಲಿಯುವ ಹೆಂಗಸೊಬ್ಬಳು ಯಾವುದೋ ಸರ್ಕಲ್ಲಿನ ನಡುವೆ ಗಾಡಿ ನಿಂತುಹೋಗಿ ಅಳುತ್ತಿದ್ದಳು. ಎಂಜಿನ್ ಸದ್ದಿಗೆ ಮಾತು ಕೇಳದೆ ಗೇರಕ್ಕ ಒಂದು ಕಿವಿ ಮುಚ್ಚಿಕೊಂಡು ಬೀದಿ ಬಾಗಿಲಿನತ್ತ ನಡೆದಳು. "ಅಳ್ಬೇಡಿ, ಮೊದಲು ಪಕ್ಕಕ್ಕೆ ತಳ್ಕೊಳ್ಳಿ. ಬೈಯೋರು ಬೈಯ್ಲಿ, ಕಾಸು ಕೊಡ್ಬೇಕಾ ಏನು?" ಎಂದು ಸಮಾಧಾನ ಮಾಡುತ್ತಿರುವಾಗ ಬೆನ್ನ ಹಿಂದೆ ಟೈಲರನ ಮೆದು ದನಿ ಅರ್ಧಂಬರ್ಧ ಕೇಳಿತು: "ಒಂದು ರೌಂಡ್ ಹೋಗಿ ಬಾಮ್ಮಾ, ಗೊತ್ತಾಗುತ್ತೆ."

ತಿರುಗುವಷ್ಟರಲ್ಲಿ ಕಪ್ಪು ಬೈಕು ಅವಳ ಪಕ್ಕದಿಂದಲೇ ಹಾದುಹೋಯಿತು. ಚೂಟಿ ಒಂದು ಕೈ ಎತ್ತಿ, ಹಲ್ಲು ಕಿಸಿದು, ಬೀದಿಯ ತಿರುವಿನಲ್ಲಿ ಮರೆಯಾದಳು.

ಕಣ್ಣಿಗೆ ಮರೆಯಾದರೂ ಸದ್ದು ಉಳಿದಿತ್ತು. ಗೇರಕ್ಕ ಆ ಸದ್ದನ್ನು ಕೇಳುತ್ತ ನಿಂತಳು. ಮೊದಲನೇ ಗೇರು, ಎರಡನೇ ಗೇರು. ಪ್ರತಿ ಸಲವೂ ಸದ್ದು ಅವಳು ಊಹಿಸಿದ್ದಕ್ಕಿಂತ ಬೇಗ ಏರಿ ದಪ್ಪಗೆ ಬಿರಿಯುತ್ತಿತ್ತು. ಈ ಅಳತೆಯ ಗಾಡಿಯ ದನಿ ಅದಲ್ಲವೇ ಅಲ್ಲ. ಚಿಕ್ಕ ಗಾಡಿಯ ಚರ್ಮದೊಳಗೆ ದೊಡ್ಡ ಗಾಡಿ ಅವಿತು ಕೂತಿತ್ತು. ಬ್ರೇಕು ಮಾತ್ರ ಚಿಕ್ಕದರದ್ದೇ.

ಸ್ಕೂಟರಿನ ಕೊಕ್ಕೆಯಲ್ಲಿ ಚೂಟಿಯ ಹೆಲ್ಮೆಟ್ಟು ನೇತಾಡುತ್ತಿತ್ತು.

ಗೇರಕ್ಕ ಚೂಟಿಗೆ ಫೋನ್ ಮಾಡಿದಳು. ತನ್ನ ಹೆಗಲ ಚೀಲದೊಳಗೇ ಗಂಟೆ ಹೊಡೆಯಿತು. ಚೂಟಿ ತನ್ನ ಫೋನನ್ನು ದೊಡ್ಡಮ್ಮನ ಚೀಲಕ್ಕೆ ಹಾಕಿದ್ದು ಅವಳಿಗೆ ಗೊತ್ತೇ ಇರಲಿಲ್ಲ.

"ಬರ್ತಾಳೆ ಬಿಡಿ, ಕೂತ್ಕೊಳ್ಳಿ," ಎಂದು ಟೈಲರ್ ಒಳಗೆ ಕುರ್ಚಿ ಎಳೆದು ಕೊಟ್ಟ. ಅವಳು ಕೂರಲಿಲ್ಲ. ಕತ್ತರಿಸಿಟ್ಟ ಬಟ್ಟೆ ಗಾಳಿಗೆ ಹಾರದಿರಲೆಂದು ಮೇಜಿನ ಮೇಲೆ ಇಟ್ಟಿದ್ದ ಲೋಹದ ತುಂಡಿನ ಮೇಲೆ ಅವಳ ಕಣ್ಣು ಬಿತ್ತು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು, ಲೋಟ ಬೋರಲು ಹಾಕಿದ ಹಾಗೆ. ಎತ್ತಿಕೊಂಡಳು. ಪಿಸ್ಟನ್ನು.

ತಿರುಗಿಸಿ ತಿರುಗಿಸಿ ನೋಡಿದಳು. ಗೀರಿಲ್ಲ, ಸವೆತವಿಲ್ಲ. ಹಾಳಾಗದ ಪಿಸ್ಟನ್ನನ್ನು ಯಾರೂ ಸುಮ್ಮಸುಮ್ಮನೆ ಹೊರಗೆ ತೆಗೆಯುವುದಿಲ್ಲ. ಜಾಗ ಕೊರೆದು ಇದಕ್ಕಿಂತ ದೊಡ್ಡದನ್ನು ಕೂರಿಸುವುದಿದ್ದರೆ ಮಾತ್ರ ತೆಗೆಯುತ್ತಾರೆ.

"ಎಂಜಿನ್ ಬಿಚ್ಚಿಲ್ಲ ಅಂದ್ರಿ," ಎಂದಳು. "ಹಾಗಾದ್ರೆ ಇದು ಎಲ್ಲಿಂದ ಬಂತು? ಬೋರ್ ಮಾಡ್ಸಿದೀರಿ. ಇನ್ನೂ ಏನೇನು ಮಾಡ್ಸಿದೀರಿ? ಹೇಳಿ."

ಟೈಲರ್ ಅಳತೆ ಪಟ್ಟಿಯ ತುದಿಯನ್ನು ಬೆರಳಿಗೆ ಸುತ್ತತೊಡಗಿದ. ಒಳಗಿನ ಕೋಣೆಯಿಂದ ಗಂಡು ದನಿಯೊಂದು ಕೂಗಿತು.

"ಅಣ್ಣಾ! ಗಾಡಿ ಯಾರು ತಗೊಂಡು ಹೋದ್ರು?"

"ನೀನು ಮಲ್ಕೋ."

"ಯಾರು ಅಂತ ಕೇಳ್ದೆ! ಹೆಲ್ಮೆಟ್ ಹಾಕಿದಾರಾ?"

ಏನೋ ಉರುಳಿದ ಸದ್ದಾಯಿತು. ಪರದೆ ಸರಿಸಿ ಒಬ್ಬ ಯುವಕ ಊರುಗೋಲಿಗೆ ಜೋತುಬಿದ್ದು ಹೊರಬಂದ. ತೊಡೆಯಿಂದ ಪಾದದ ತನಕ ಪ್ಲಾಸ್ಟರು. ಕೆನ್ನೆಯ ಮೇಲೆ ಒರಟು ನೆಲಕ್ಕೆ ಉಜ್ಜಿಹೋದ ಗಾಯ, ಹೊಸ ಚರ್ಮ ಇನ್ನೂ ಗುಲಾಬಿ ಬಣ್ಣದಲ್ಲಿತ್ತು. ಟೈಲರನ ತಮ್ಮ ಇವನೇ ಎಂದು ಯಾರೂ ಹೇಳಬೇಕಿರಲಿಲ್ಲ. ಮೂಗು, ಹಣೆ ಅಣ್ಣನದ್ದೇ ಅಚ್ಚು.

"ನಿಮ್ಮ ಮಗಳಾ?"

"ತಂಗಿ ಮಗಳು. ಹೆಲ್ಮೆಟ್ ಇಲ್ಲೇ ಇದೆ. ಏನಪ್ಪಾ ಆಗಿದೆ ಆ ಗಾಡಿಗೆ? ಬೇಗ ಹೇಳು."

ಅವನು ಅಣ್ಣನ ಮುಖವನ್ನೂ ನೋಡದೆ ಒಂದೇ ಉಸಿರಿಗೆ ಹೇಳಿದ. ಲೇತ್ ಅಂಗಡಿಯಲ್ಲಿ ಅವನ ಕೆಲಸ. ಎಂಜಿನ್ ಕೊರೆದು ಬೋರ್ ಮಾಡಿ, ಅದರ ಮೇಲ್ಮುಚ್ಚಳದ ಹೆಡ್ ಉಜ್ಜಿ, ದೊಡ್ಡ ಗಾಡಿಯ ಕಾರ್ಬೊರೇಟರ್ ಹಾಕಿದ್ದು ಅವನೇ. ಆದರೆ ಆಕ್ಸಿಲರೇಟರ್ ಕೇಬಲ್ ಅದಕ್ಕೆ ಸರಿಯಾಗಿ ಕೂರಲಿಲ್ಲ. "ಅರ್ಧದ ತನಕ ತಿರುಗಿಸಿದ್ರೆ ಏನೂ ಆಗಲ್ಲ ಆಂಟಿ. ಪೂರ್ತಿ ತಿರುಗಿಸಿದ್ರೆ ಅಲ್ಲೇ ಕಚ್ಕೊಂಡು ಬಿಡುತ್ತೆ. ಕೈ ಬಿಟ್ರೂ ವಾಪಸ್ ಬರಲ್ಲ. ನಂಗೆ ಹೀಗಾಗಿದ್ದು ಅದರಿಂದಾನೇ."

ಅರ್ಧಕ್ಕೆ ನಿಲ್ಲಿಸುವ ಹುಡುಗಿಯೇ ಚೂಟಿ? ಅನ್ನದ ಪಾತ್ರೆಯನ್ನೂ ಅರ್ಧಕ್ಕೆ ಬಿಟ್ಟವಳಲ್ಲ.

"ಯಾವ ಕಡೆ ಹೋಗಿರ್ತಾಳೆ?"

"ಕಾಲುವೆ ಪಕ್ಕದ ಹೊಸ ರೋಡ್. ಎಲ್ರೂ ಅಲ್ಲೇ ಹೋಗೋದು. ಉದ್ದಕ್ಕೆ ನೇರ ಇದೆ. ಕೊನೆಯಲ್ಲಿ…" ಅವನು ಊರುಗೋಲಿನ ಮೇಲೆ ಕಣ್ಣಿಟ್ಟ.

"ಕೊನೆಯಲ್ಲಿ ಏನು?"

"ಲಾರಿ ತೊಳೆಯೋ ಜಾಗ. ಲಾರಿಗಳು ರೋಡಿಗೆ ಅಡ್ಡ ನಿಂತಿರ್ತವೆ."

ಗೇರಕ್ಕ ಸ್ಕೂಟರ್ ಹತ್ತಿ ಸ್ಟಾರ್ಟ್ ಮಾಡಿದ್ದು ಹೇಗೋ ಅವಳಿಗೇ ನೆನಪಿಲ್ಲ. ಹಿಂದಿನ ಸೀಟಿಗೆ ಯಾರೋ ಹತ್ತಿದ ಭಾರವಾಯಿತು. ಟೈಲರ್. ಕೊರಳಲ್ಲಿ ಅಳತೆ ಪಟ್ಟಿ ಹಾಗೇ ಇತ್ತು.

"ಇಳೀರಿ ಕೆಳಗೆ!"

"ದಾರಿ ತೋರಿಸ್ತೀನಿ. ದಯವಿಟ್ಟು."

ಇಳಿಸುತ್ತ ಕೂರಲು ಹೊತ್ತಿರಲಿಲ್ಲ. ಓಣಿಗಳನ್ನು ದಾಟುವಾಗ ಅವಳ ಕಣ್ಣು ಪ್ರತಿ ತಿರುವಿನಲ್ಲೂ ನೆಲವನ್ನೇ ಹುಡುಕುತ್ತಿತ್ತು. ಬಿದ್ದದ್ದು ಏನಾದರೂ ಕಾಣುತ್ತದೋ ಎಂದು ಹುಡುಕುವುದು, ಕಾಣದಿರಲಿ ಎಂದು ಬೇಡಿಕೊಳ್ಳುವುದು, ಎರಡೂ ಒಟ್ಟೊಟ್ಟಿಗೆ. ತಂಗಿಯ ಮುಖ ಕಣ್ಣ ಮುಂದೆ ಬಂತು. ನೀನು ಸರಿ ಅಂದ್ರೆ ನಂಗೂ ಸರಿ. ಸರಿ ಅಂದಿರಲಿಲ್ಲ, ಆದರೆ ತಪ್ಪು ಅನ್ನುವಷ್ಟರಲ್ಲಿ ಬೆನ್ನು ತಿರುಗಿಸಿದ್ದಳು.

"ನಿಮಗೆ ಗೊತ್ತಿತ್ತು," ಎಂದು ಗಾಳಿಗೆ ಎದುರಾಗಿ ಕಿರುಚಿದಳು. "ಗೊತ್ತಿದ್ದೂ ಹತ್ತಿಸಿ ಕಳಿಸಿದ್ರಿ!"

"ಹೆಣ್ಣುಮಗು, ನಿಧಾನ ಹೋಗ್ತಾಳೆ ಅಂದ್ಕೊಂಡೆ." ಹಿಂದಿನಿಂದ ಒಡೆದ ದನಿ ಬಂತು. "ನನ್ನ ತಮ್ಮ ಕಾಲು ಸರಿಯಾದ ದಿನಾನೇ ಮತ್ತೆ ಹತ್ತುತ್ತಾನೆ ಅಮ್ಮಾ. ಆಸ್ಪತ್ರೇಲಿ ಮಲಗಿದ್ದಾಗಲೂ ಅದರದ್ದೇ ಮಾತು. ಅವನಿಗೆ ನಾನು ಬಿಟ್ರೆ ಯಾರಿಲ್ಲ, ನನಗೂ ಅವನು ಬಿಟ್ರೆ ಇಲ್ಲ. ಗಾಡಿ ಮನೆಯಿಂದ ಆಚೆ ಹೋದ್ರೆ ಅವನು ಉಳೀತಾನೆ ಅಂತ… ಅಷ್ಟೇ ತಲೇಲಿ ಇದ್ದದ್ದು."

"ನಿಮ್ಮ ತಮ್ಮ ಉಳೀಲಿ ಅಂತ ನಮ್ಮ ಹುಡುಗಿನ ಕೂರಿಸಿದ್ರಾ?"

ಟೈಲರ್ ಕೈ ಚಾಚಿ ಎಡಕ್ಕೆ ತೋರಿಸಿದ.

ಹೊಸ ರಸ್ತೆ ಸಿಕ್ಕಿತು. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಬಯಲು. ನಡುವೆ ಕರ್ರಗೆ, ಬಿಸಿಲಿಗೆ ಹೊಳೆಯುತ್ತ ಮಲಗಿದ ಡಾಂಬರು. ದೂರದಲ್ಲಿ ರಸ್ತೆಯ ಅಂಚಿಗೆ ಜನ ಗುಂಪುಗಟ್ಟಿದ್ದರು. ಕೆಲವರು ಬಗ್ಗಿ ನೋಡುತ್ತಿದ್ದರು. ಒಬ್ಬ ಹೆಂಗಸು ಬಾಯಿಗೆ ಕೈ ಹಿಡಿದುಕೊಂಡಿದ್ದಳು.

ಗೇರಕ್ಕ ಸ್ಕೂಟರನ್ನು ನಿಲ್ಲಿಸಿದಳೋ ಬೀಳಿಸಿದಳೋ, ಗುಂಪನ್ನು ಎರಡೂ ಕೈಯಿಂದ ಸೀಳಿಕೊಂಡು ಒಳನುಗ್ಗಿದಳು. ಕಾಲುವೆಯ ನೀರಿನಲ್ಲಿ ಒಂದು ಕರು ನಿಂತಿತ್ತು. ಅದನ್ನು ಮೇಲೆತ್ತಲು ಹಗ್ಗ ಇಳಿಬಿಡುತ್ತಿದ್ದರು.

"ಕಪ್ಪು ಬೈಕ್… ಹುಡುಗಿ…" ಎಂದಳು.

ಹಗ್ಗ ಹಿಡಿದಿದ್ದವನು ತಲೆಯೆತ್ತಿದ. "ಈಗ ಹೋಯ್ತಲ್ಲ! ಏನು ಸ್ಪೀಡು ಅದು, ಅರಚ್ಕೊಂಡು ಹೋಯ್ತು. ನಿಲ್ಸೋಕೆ ಆಗ್ತಿರ್ಲಿಲ್ಲ ಅನ್ಸುತ್ತೆ, ಎರಡೂ ಕಾಲು ನೆಲಕ್ಕೆ ಎಳೀತಿದ್ಳು."

ಕಚ್ಚಿಕೊಂಡಿದೆ. ಹಾಗಾದರೆ ಪೂರ್ತಿ ತಿರುಗಿಸಿದ್ದಾಳೆ.

ಅವಳು ಮತ್ತೆ ಸ್ಕೂಟರ್ ಹತ್ತಿ ಮುಂದೆ ಓಡಿಸಿದಳು. ಒಂದು ಕಡೆ ಚಪ್ಪಲಿ ಬಿದ್ದಿತ್ತು, ಹಿಮ್ಮಡಿ ಹರಿದು ಸುಟ್ಟ ರಬ್ಬರಿನ ಹಾಗಾಗಿತ್ತು. ಚೂಟಿಯದ್ದು. ಟೈಲರ್ ಇಳಿದು ಅದನ್ನೆತ್ತಿಕೊಂಡು, ಏನು ಮಾಡುವುದೆಂದು ತಿಳಿಯದೆ, ಎದೆಗೆ ಒತ್ತಿ ಹಿಡಿದು ಮತ್ತೆ ಕೂತ.

ರಸ್ತೆ ಮುಗಿಯುವಲ್ಲಿ ಲಾರಿಗಳು ಕಂಡವು. ಒಂದು ನಿಜವಾಗಿಯೂ ಅಡ್ಡಲಾಗಿಯೇ ನಿಂತಿತ್ತು, ಮೈಯಿಂದ ಸೋಪಿನ ನೊರೆ ಇಳಿಯುತ್ತಿತ್ತು. ಅದಕ್ಕೂ ಈಚೆಗೆ, ರಸ್ತೆ ಬಿಟ್ಟು ಪಕ್ಕಕ್ಕೆ, ಕಟ್ಟಡಕ್ಕೆಂದು ಸುರಿದ ಮರಳಿನ ದೊಡ್ಡ ಗುಡ್ಡೆ. ಅದರ ನೆತ್ತಿಯ ಹತ್ತಿರ ಕಪ್ಪು ಬೈಕು ಅರ್ಧ ಹೂತು ಮಲಗಿತ್ತು. ಮುಂದಿನ ಚಕ್ರ ಸೊಟ್ಟಗಾಗಿತ್ತು. ಕಾದ ಎಂಜಿನ್ನು ಟಿಕ್, ಟಿಕ್ ಎನ್ನುತ್ತಿತ್ತು.

ಚೂಟಿ ಇರಲಿಲ್ಲ.

ಗೇರಕ್ಕ ಮರಳನ್ನು ಕೈಯಿಂದ ಬಗೆದಳು. ಬುದ್ಧಿಗೆ ಅದು ಹುಚ್ಚೆಂದು ಗೊತ್ತಿದ್ದರೂ ಕೈ ಬಗೆಯುತ್ತಲೇ ಇತ್ತು. ಗುಡ್ಡೆಯ ಆಚೆ ಬದಿಗೆ ಓಡಿ ನೋಡಿದಳು. ಬರೀ ಮರಳು, ಅದರ ಮೇಲೆ ಕೆಂಪು ಹನಿಗಳು, ಲಾರಿಗಳ ಕಡೆಗೆ ಸಾಲಾಗಿ. ಹೆಸರು ಹಿಡಿದು ಕೂಗಲು ಬಾಯಿ ತೆರೆದರೆ ಗಂಟಲಿನಿಂದ ಬಂದದ್ದು ಬರೀ ಗಾಳಿ.

"ಚೂಟಿಯಮ್ಮಾ! ಚೂಟಿಯಮ್ಮಾ!" ಎಂದು ಕೂಗಿದವನು ಟೈಲರ್. ಒಂದೆರಡು ಸಲ ಕಿವಿಗೆ ಬಿದ್ದ ಹೆಸರನ್ನೇ ಗಂಟಲು ಹರಿಯುವಂತೆ ಕೂಗಿದ.

"ದೊಡ್ಡಮ್ಮ," ಎಂದಿತು ಒಂದು ಸಣ್ಣ ದನಿ. "ಇಲ್ಲಿದೀನಿ."

ಲಾರಿ ತೊಳೆಯುವ ತೊಟ್ಟಿಯ ಪಕ್ಕ ಬೋರಲಿಟ್ಟ ಬಕೆಟಿನ ಮೇಲೆ ಕೂತಿದ್ದಳು. ಒಬ್ಬ ಹೆಂಗಸು, ಲಾರಿ ತೊಳೆಯುವವಳು, ಪೈಪು ಹಿಡಿದು ಅವಳ ಅಂಗೈಗಳ ಮೇಲೆ ನೀರು ಬಿಡುತ್ತಿದ್ದಳು. ಅಂಗೈಯ ಚರ್ಮ ಎದ್ದಿತ್ತು. ಮೊಣಕೈ ಸಿಪ್ಪೆ ಸುಲಿದಂತಾಗಿತ್ತು. ತುಟಿ ಒಡೆದಿತ್ತು. ತಲೆಗೂದಲ ತುಂಬ ಮರಳು.

ಗೇರಕ್ಕ ಅವಳ ತಲೆ, ಕತ್ತು, ಬೆನ್ನು, ಕಾಲು ಎಲ್ಲವನ್ನೂ ತಡವಿ ತಡವಿ ನೋಡಿದಳು. ಎಲ್ಲ ಇದ್ದಲ್ಲೇ ಇದ್ದವು. ಆಮೇಲೆ ಒದ್ದೆ ನೆಲದ ಮೇಲೆ ದೊಪ್ಪನೆ ಕೂತುಬಿಟ್ಟಳು.

"ಕೈ ಬಿಟ್ಟೆ ದೊಡ್ಡಮ್ಮ, ಆದ್ರೂ ಹೋಗ್ತಾನೇ ಇತ್ತು," ಎಂದಳು ಚೂಟಿ, ಹಲ್ಲು ಕಟಕಟ ಕಡಿಯುತ್ತ. "ಬ್ರೇಕ್ ಒತ್ತಿದೆ. ವಾಸನೆ ಬಂತು, ನಿಲ್ಲಲಿಲ್ಲ. ಲಾರಿ ಹತ್ತಿರ ಬಂತು. ಆಮೇಲೆ ಕೀ ಆಫ್ ಮಾಡ್ಬೇಕು ಅಂತ ಹೊಳೀತು. ತಿರುಗಿಸಿದೆ, ಆದ್ರೂ ಜೋರಾಗೇ ಹೋಗ್ತಿತ್ತು. ಮರಳು ಕಂಡ್ತು. ಆ ಕಡೆ ತಿರುಗಿಸಿಬಿಟ್ಟೆ."

"ಜಾಣೆ," ಎಂದಳು ಪೈಪು ಹಿಡಿದ ಹೆಂಗಸು. "ಅಷ್ಟೆತ್ತರಕ್ಕೆ ಹಾರಿ ಬಿದ್ಳು ಕಣಮ್ಮ. ನಾನು ಕಣ್ಣು ಮುಚ್ಕೊಂಡ್ಬಿಟ್ಟೆ."

ಟೈಲರ್ ಹತ್ತಿರ ಬರುವ ಧೈರ್ಯವಿಲ್ಲದೆ ದೂರದಲ್ಲೇ ಚಪ್ಪಲಿ ಹಿಡಿದು ನಿಂತಿದ್ದ. ಗೇರಕ್ಕ ಅವನಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಟ್ಟುಕೊಂಡಿದ್ದ ಬೈಗುಳ ಬೇಕಾದಷ್ಟಿತ್ತು. ಬಾಯಿಗೆ ಬಂದದ್ದು ಇಷ್ಟೇ: "ಆ ಎಂಜಿನ್ನು ಇನ್ನೊಬ್ಬರ ಕೈಗೆ ಹೋಗಬಾರದು. ನನ್ನ ಕಣ್ಣೆದುರಿಗೇ ಬಿಚ್ಚಿಸಿ."

ಮೊದಲು ಕ್ಲಿನಿಕ್ಕಿಗೆ ಹೋಗಿ ಚೂಟಿಯ ಕೈಗಳಿಗೆ ಪಟ್ಟಿ ಕಟ್ಟಿಸಿದರು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಟೈಲರ್ ಒಂದು ಗೂಡ್ಸ್ ಗಾಡಿಯಲ್ಲಿ ಬೈಕನ್ನು ಮನೆಗೆ ತಂದ. ಅವನ ತಮ್ಮ ಪ್ಲಾಸ್ಟರಿನ ಕಾಲು ಚಾಚಿ ನೆಲದ ಮೇಲೆ ಕೂತು, "ಸ್ಪ್ಯಾನರ್ ಡಬ್ಬ ಕೊಡಣ್ಣ," ಎಂದ. ಕಾರ್ಬೊರೇಟರ್ ಬಿಚ್ಚಿದ, ಹೆಡ್ ಬಿಚ್ಚಿದ. ಒಳಗೆ ದಪ್ಪ ಪಿಸ್ಟನ್ನು ಹೊಳೆಯುತ್ತಿತ್ತು. ಮೂರು ಸಲ ಕೆಡಿಸಿ ನಾಲ್ಕನೇ ಸಲಕ್ಕೆ ಸರಿ ಕೂತ ಕೆಲಸವದು. ಅವನು ಅದನ್ನು ಹೊರಗೆಳೆದು ಅಣ್ಣನ ಕೈಗಿಟ್ಟ. ಟೈಲರ್ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದ. ಅದು ಒಡೆಯುವ ತನಕ ಹೊಡೆಯುತ್ತಲೇ ಇದ್ದ.

ಗೇರಕ್ಕನಿಗೆ ಆಗ ತುಸು ಉಸಿರು ಬಂದಂತಾಯಿತು. ಚೀಲ ಹೆಗಲಿಗೇರಿಸುತ್ತಿದ್ದಳು. ಆಗ ಟೈಲರನ ತಮ್ಮ ಕೈ ಒರೆಸಿಕೊಳ್ಳುತ್ತ, ಕೇಳಬಾರದೆಂದು ತಡೆದುಕೊಂಡು ತಡೆದುಕೊಂಡು, ಕೊನೆಗೆ ತಡೆಯಲಾರದೆ ಚೂಟಿಯನ್ನು ಕೇಳಿಯೇಬಿಟ್ಟ.

"ಎಷ್ಟು ಸ್ಪೀಡ್ ಹೋಯ್ತು?"

ಚೂಟಿ ಪಟ್ಟಿ ಕಟ್ಟಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಒಡೆದ ತುಟಿ ಮೆಲ್ಲಗೆ ಅಗಲವಾಯಿತು. "ಮುಳ್ಳು ಮೀಟರಿನ ಕೊನೆ ದಾಟಿಬಿಟ್ಟಿತ್ತು," ಎಂದಳು. "ಆಮೇಲೆ ನೋಡೋಕೇ ಆಗ್ಲಿಲ್ಲ. ನೆಲಾನೇ ಇಲ್ಲ ಅನ್ನಿಸ್ತು."

ಹಾಗೆನ್ನುವಾಗ ಅವಳ ಕಣ್ಣಿನಲ್ಲಿ ಏನೋ ಮಿಂಚಿತು. ಅದೇ ಮಿಂಚು ಆ ಹುಡುಗನ ಕಣ್ಣಲ್ಲೂ.

ಗೇರಕ್ಕ ಅದನ್ನು ನೋಡಿದಳು. ತಲೆಯೆತ್ತಿದರೆ ಸುತ್ತಿಗೆ ಹಿಡಿದ ಟೈಲರನೂ ಅದನ್ನೇ ನೋಡುತ್ತಿದ್ದ. ಇಬ್ಬರ ಕಣ್ಣೂ ಕೂಡಿದವು. ಮಧ್ಯಾಹ್ನದಿಂದ ಅವನನ್ನು ಹರಿದು ತಿನ್ನುವಷ್ಟು ಸಿಟ್ಟಿದ್ದ ಅವಳಿಗೆ, ಆ ಮನುಷ್ಯ ಯಾಕೆ ಹಾಗೆ ಮಾಡಿದ ಎಂಬುದು ಒಂದು ಗಳಿಗೆ ಅರ್ಥವಾಗಿಹೋಯಿತು. ಅರ್ಥವಾದದ್ದಕ್ಕೆ ಇನ್ನಷ್ಟು ಹೆದರಿಕೆಯಾಯಿತು.

"ಚೂಟಿ, ಏಳು. ಹೊರಡೋಣ," ಎಂದಳು.

ಮನೆಗೆ ಹೋಗುವಾಗ ದಾರಿಯಲ್ಲಿ ಚೂಟಿ ಒಂದೇ ಒಂದು ಮಾತಾಡಿದಳು: "ಅಮ್ಮಂಗೆ ಹೇಳ್ಬೇಡ ದೊಡ್ಡಮ್ಮ." ಗೇರಕ್ಕ ತನ್ನ ಮನೆ ಸೇರಿ, ಚಪ್ಪಲಿಯನ್ನೂ ಬಿಡದೆ, ತಂಗಿಗೆ ಫೋನ್ ಮಾಡಿ ಒಂದೂ ಬಿಡದೆ ಎಲ್ಲ ಹೇಳಿದಳು. ಬೆನ್ನು ತಿರುಗಿಸಿದ್ದನ್ನೂ ಹೇಳಿದಳು. ತಂಗಿ ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದಳು.

"ಈಗ ಎಲ್ಲಿದಾಳೆ?" ಎಂದಿತು ತಂಗಿಯ ದನಿ.

"ಇಲ್ಲೇ. ನನ್ನ ಎದುರಿಗೇ ಕೂತಿದಾಳೆ," ಎಂದಳು ಗೇರಕ್ಕ. ಹೇಳಿದ ಮೇಲೂ ಅವಳನ್ನು ಇನ್ನೊಮ್ಮೆ ನೋಡಿದಳು.